ವಾಲ್ವಿನ ಇಂಪು, ಕೋಣೆಯ ಗುಂಯ್‌ಕಾರ

ಪುರುಷ ಗಾಯಕರಲ್ಲಿ ಹಲವರದ್ದು ಕಪ್ಪು ಒಂದರ ಶ್ರುತಿ. ಆ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಷಡ್ಜ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. 5 ಮೀಟರ್ ಉದ್ದದ ಹಾಲಿನಲ್ಲಿ ಎದುರುಬದುರು ಗೋಡೆಗಳ ನಡುವಿನ ಗಾಳಿ ತಾನಾಗಿ ಅನುರಣಿಸುವ ಎರಡನೆಯ ಆವರ್ತನವೂ ಹೆಚ್ಚುಕಡಿಮೆ ಅದೇ, 69 ಹರ್ಟ್ಸ್. ಹಾಡುಗಾರರ ಆಧಾರ ಷಡ್ಜಕ್ಕೆ ಮನೆಯ ಗೋಡೆಗಳೂ ದನಿಗೂಡಿಸುತ್ತವೆ ಎಂದಾಯಿತು. ಹಿಂಗೋಡೆಗೆ ಒತ್ತಿದ ಸೋಫಾದಲ್ಲಿ ಕುಳಿತವರಿಗೆ ಆ ಆಸುಪಾಸಿನ ಸ್ವರವೆಲ್ಲ, ಡಗ್ಗಾದ ಗುಮುಕಿಯೂ ಸೇರಿ, ಊದಿಕೊಂಡು ಕೇಳುತ್ತದೆ. ಕುರ್ಚಿಯನ್ನು ಗೋಡೆಯಿಂದ ಒಂದೂಕಾಲು ಮೀಟರ್ ಮುಂದಕ್ಕೆ ಎಳೆದುಕೊಂಡರೆ ಅದೇ ನಾದ ಬಹುಪಾಲು ಮಾಯವಾಗುತ್ತದೆ. ಸ್ಪೀಕರ್ ಅದೇ, ಆಂಪ್ಲಿಫೈಯರ್ ಅದೇ, ರೆಕಾರ್ಡ್ ಅದೇ.

ಮನೆಯಲ್ಲಿ ಸಂಗೀತ ಕೇಳಲು ವಾಲ್ವ್ ಆಂಪ್ಲಿಫೈಯರ್ ಒಳ್ಳೆಯದೋ, ಕೋಣೆಯ ದೋಷ ತಿದ್ದುವ ಡಿಜಿಟಲ್ ಆಂಪ್ಲಿಫೈಯರ್ ಒಳ್ಳೆಯದೋ ಎಂಬ ಚರ್ಚೆ ಇಲ್ಲಿಂದ ಶುರುವಾಗಬೇಕಿತ್ತು. ಶುರುವಾಗುವುದು ಬೇರೆ ಕಡೆಯಿಂದ. ಒಂದು ಬಣ ಗಾಜಿನ ಬುರುಡೆಯೊಳಗಿನ ಕೆಂಡದ ಬಣ್ಣವನ್ನೂ ಬೆಚ್ಚನೆಯ ನಾದವನ್ನೂ ಕೊಂಡಾಡುತ್ತದೆ, ಇನ್ನೊಂದು ಬಣ ಅಳತೆಯ ಗ್ರಾಫ್ ಹಿಡಿದು ನಿಲ್ಲುತ್ತದೆ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಂಕ್ರೀಟ್ ಮನೆಗಳಿಗೆ ಕೋಣೆ ತಿದ್ದುವ ಯಂತ್ರವೇ ಸರಿ. ಆದರೆ ಅದು ತಿದ್ದಲು ಮುಂದಾಗುವುದನ್ನೆಲ್ಲ ತಿದ್ದಲು ಬಿಡಬಾರದು.

ಕಾಂಕ್ರೀಟ್ ಎಂದದ್ದಕ್ಕೆ ಕಾರಣವಿದೆ. ಅಮೆರಿಕದ ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆಗಳೇ ಹೆಚ್ಚು. ತಗ್ಗು ಸ್ವರ ಬಡಿದಾಗ ಆ ಹಲಗೆ ತುಸು ಅದುರಿ ಒಂದಷ್ಟು ಶಕ್ತಿಯನ್ನು ನುಂಗುತ್ತದೆ. ನಮ್ಮ ಇಟ್ಟಿಗೆ ಗೋಡೆ, ಆರ್‌ಸಿಸಿ ಸೂರು, ವಿಟ್ರಿಫೈಡ್ ಟೈಲ್ಸಿನ ನೆಲ ಏನನ್ನೂ ನುಂಗುವುದಿಲ್ಲ, ಬಂದ ಬಾಸನ್ನು ಬಂದ ಹಾಗೆಯೇ ವಾಪಸು ಕಳಿಸುತ್ತವೆ. ಅಲ್ಲಿನ ಕೋಣೆಯಲ್ಲಿ ಕೂತು ಬರೆದ ವಿಮರ್ಶೆಯನ್ನು ನಂಬಿ ಇಲ್ಲಿ ಲಕ್ಷಗಟ್ಟಲೆ ಸುರಿಯುವವರು ಈ ಒಂದು ವ್ಯತ್ಯಾಸವನ್ನಾದರೂ ಗಮನಿಸಬೇಕು.

ಕೋಣೆ ತಿದ್ದುವ ವಿದ್ಯೆ ಹೊಸದೇನಲ್ಲ. ಡೆನ್ಮಾರ್ಕಿನ ಪೀಟರ್ ಲಿಂಗ್ಡಾರ್ಫ್ 1990ರ ದಶಕದಿಂದಲೂ, ಮೊದಲು ಟ್ಯಾಕ್ಟ್ ಹೆಸರಿನಲ್ಲಿ, ಆಮೇಲೆ ತಮ್ಮದೇ ಹೆಸರಿನಲ್ಲಿ ಇದರ ಬೆನ್ನು ಹತ್ತಿದವರು. ಸ್ವೀಡನ್ನಿನ ಡಿರಾಕ್, ಅಮೆರಿಕದ ಆಡಿಸ್ಸಿ ಇದೇ ದಾರಿಯ ಬೇರೆ ಹೆಸರುಗಳು. ಲಿಂಗ್ಡಾರ್ಫ್ ಅವರ ರೂಮ್‌ಪರ್ಫೆಕ್ಟ್ ವ್ಯವಸ್ಥೆ ಮಾಡುವುದಿಷ್ಟು: ಪೆಟ್ಟಿಗೆಯಲ್ಲೇ ಬರುವ ಮೈಕನ್ನು ನೀವು ಕೂರುವ ಜಾಗದಲ್ಲಿಟ್ಟು ಒಮ್ಮೆ ಅಳೆಯುತ್ತದೆ. ಬಳಿಕ ಮೈಕನ್ನು ಕೋಣೆಯ ಮೂಲೆ, ಕಿಟಕಿ ಪಕ್ಕ, ಕಪಾಟಿನ ಬಳಿ ಎಂದು ಸಿಕ್ಕಸಿಕ್ಕ ಕಡೆ, ಬೇರೆ ಬೇರೆ ಎತ್ತರಗಳಲ್ಲಿ ಇಡಲು ಹೇಳುತ್ತದೆ. ಕೂರುವ ಜಾಗದ ದೋಷ ಯಾವುದು, ಸ್ಪೀಕರಿನ ಸ್ವಂತ ಗುಣ ಯಾವುದು ಎಂದು ಬೇರ್ಪಡಿಸುವುದಕ್ಕೇ ಇಷ್ಟು ಓಡಾಟ. ನೀವು ಇಷ್ಟಪಟ್ಟು ತಂದ ಸ್ಪೀಕರಿನ ಜಾಯಮಾನವನ್ನು ಅಳಿಸದೆ ಗೋಡೆಯ ಕಾಟವನ್ನಷ್ಟೇ ತಗ್ಗಿಸಬೇಕೆಂಬ ಈ ವಿವೇಕ ನನಗೆ ಬಹಳ ಹಿಡಿಸುತ್ತದೆ. ಈ ಸಾಲಿನ ಚಿಕ್ಕ ಯಂತ್ರ ಟಿಡಿಎಐ-1120, 8 ಓಮ್ ಸ್ಪೀಕರಿಗೆ 60 ವ್ಯಾಟ್ ಕೊಡುತ್ತದೆ. ಫ್ಲ್ಯಾಟಿನ ಹಾಲಿಗೆ ಅದು ಧಾರಾಳ.

ತಿದ್ದುಪಡಿ ಆದ ಮೇಲೆ ಮೊದಲು ಗೊತ್ತಾಗುವುದು ಒಂದು ಕೊರತೆ. ಗುಂಯ್‌ಕಾರಕ್ಕೆ ಒಗ್ಗಿದ ಕಿವಿಗೆ ಬಾಸ್ ಕಡಿಮೆಯಾಯಿತೇನೋ ಎನ್ನಿಸುತ್ತದೆ. ಒಂದು ಸಂಜೆ ಕಳೆಯಲಿ. ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಮಂದ್ರ ತಂತಿಯ ಮೇಲೆ ಬೆರಳು ಎಲ್ಲಿ ಎಳೆದು ಎಲ್ಲಿ ಬಿಟ್ಟಿತು ಎಂಬುದು ಬಿಡಿಬಿಡಿಯಾಗಿ ಕೇಳತೊಡಗುತ್ತದೆ. ಮೃದಂಗದ ಎಡಗಡೆಯ ಪೆಟ್ಟು ಶುರುವಾಗುವುದರ ಜೊತೆಗೆ ಮುಗಿಯುವುದೂ ಕೇಳುತ್ತದೆ. ಎರಡು ಪೆಟ್ಟುಗಳ ನಡುವಿನ ಮೌನ ಲಯದ ಅರ್ಧಭಾಗ, ಗುಂಯ್‌ಗುಡುವ ಕೋಣೆ ಮೊದಲು ತಿನ್ನುವುದು ಅದನ್ನೇ. ಯಾವ ವಾಲ್ವೂ ಅದನ್ನು ಮರಳಿ ಕೊಡಲಾರದು.

ಹಾಗಾದರೆ ವಾಲ್ವಿನ ಇಂಪು ಬರೀ ಭ್ರಮೆಯೇ? ಖಂಡಿತ ಅಲ್ಲ. ವಾಲ್ವ್ ಯಂತ್ರ, ಅದರಲ್ಲೂ 300ಬಿ ಥರದ ಒಂದೇ ವಾಲ್ವಿನ ಸರ್ಕ್ಯೂಟ್, ಒಳಬಂದ ಸ್ವರಕ್ಕೆ ಅದರ ಎರಡರಷ್ಟು ಆವರ್ತನದ ಸ್ವರವನ್ನು ತುಸು ಬೆರೆಸುತ್ತದೆ. ಮಧ್ಯ ಷಡ್ಜ ಕೊಟ್ಟರೆ ತಾರ ಷಡ್ಜದ ಎಳೆಯೊಂದು ಸೇರುತ್ತದೆ. ಷಡ್ಜಕ್ಕೆ ಷಡ್ಜ ಸೇರಿದರೆ ಅಪಸ್ವರವಾಗುವುದುಂಟೆ? ಒಂಟಿ ದನಿ ತುಂಬಿಕೊಂಡಂತೆ, ಹತ್ತಿರ ಬಂದಂತೆ ಕೇಳುವುದಕ್ಕೆ ಇದೊಂದು ಮುಖ್ಯ ಕಾರಣ. ಇನ್ನೊಂದು ಕಾರಣವನ್ನು ಅಂಗಡಿಯವರು ಹೇಳುವುದು ಕಡಿಮೆ. ವಾಲ್ವ್ ಯಂತ್ರಕ್ಕೆ ಸ್ಪೀಕರಿನ ಮೇಲೆ ಬಿಗಿ ಹಿಡಿತ ಇರುವುದಿಲ್ಲ. ಸ್ಪೀಕರಿನ ವಿದ್ಯುತ್ ತಡೆ ಏರಿದಲ್ಲಿ ದನಿ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ. ಅಂದರೆ ಅದೂ ಒಂದು ಈಕ್ವಲೈಜರೇ, ಕೋಣೆಯನ್ನು ನೋಡದೆ ಕೆಲಸ ಮಾಡುವಂಥದ್ದು.

1985ರಲ್ಲಿ ಅಮೆರಿಕದ ಇಂಜಿನಿಯರ್ ಬಾಬ್ ಕಾರ್ವರ್ ‘ಸ್ಟೀರಿಯೋಫೈಲ್’ ಪತ್ರಿಕೆಯ ಸಂಪಾದಕರಿಗೆ ಒಂದು ಸವಾಲು ಹಾಕಿದರು. ನೀವು ಮೆಚ್ಚುವ ದುಬಾರಿ ಆಂಪ್ಲಿಫೈಯರ್ ಯಾವುದೇ ಇರಲಿ, ನನ್ನ ಅಗ್ಗದ ಟ್ರಾನ್ಸಿಸ್ಟರ್ ಯಂತ್ರವನ್ನು ಅದರಂತೆಯೇ ನುಡಿಸುತ್ತೇನೆ ಎಂದರು. ಸಂಪಾದಕರು ಆರಿಸಿದ್ದು ವಾಲ್ವ್ ಯಂತ್ರವನ್ನು. ಕಾರ್ವರ್ ಹೋಟೆಲ್ ಕೋಣೆಯಲ್ಲೇ ಕೂತು, ಎರಡು ಯಂತ್ರಗಳ ವ್ಯತ್ಯಾಸವನ್ನು ಅಳೆದು ಅಳೆದು ತಮ್ಮದನ್ನು ತಿದ್ದಿದರು. ಕೊನೆಗೆ ಪಳಗಿದ ಆ ಕಿವಿಗಳಿಗೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ವಾಲ್ವಿನ ಗುಣ ನಿಜ ಎಂಬುದೂ, ಅದು ಅಳತೆಗೆ ಸಿಗುವಂಥದ್ದು ಎಂಬುದೂ ಇದರಿಂದ ಒಟ್ಟಿಗೇ ತಿಳಿಯಿತು. ಅದನ್ನು ಸಂಗೀತದ ಆತ್ಮ ಎಂದು ಕರೆಯುವುದನ್ನು ನಾನು ಒಪ್ಪಲಾರೆ. ಅದು ಒಂದು ಬಣ್ಣ, ಚೆಲುವಾದ ಬಣ್ಣ.

ಆ ಬಣ್ಣಕ್ಕೆ ಬೆಲೆಯೂ ಇದೆ. ಒಂದೇ ಸ್ವರವಿದ್ದಾಗ ಇಂಪಾಗಿರುವ ಬೆರಕೆ, ಹಲವು ಸ್ವರ ಕೂಡಿದಾಗ ಅವುಗಳ ಮೊತ್ತ ಮತ್ತು ವ್ಯತ್ಯಾಸದ ಆವರ್ತನಗಳನ್ನೂ ಹುಟ್ಟಿಸುತ್ತದೆ. ಶ್ರುತಿ ಸ್ಥಿರವಾಗಿದ್ದು ಗಮಕ ಜಾರುವಾಗ ಈ ಹುಟ್ಟುಸ್ವರಗಳೂ ಜಾರುತ್ತವೆ, ರಾಗಕ್ಕೆ ಸಂಬಂಧವಿಲ್ಲದ ಜಾಗಗಳಿಗೆ. ಸಣ್ಣ ದನಿಯಲ್ಲಿ ಇದು ಗೊತ್ತಾಗುವುದಿಲ್ಲ. ತನಿ ಆವರ್ತನ ಏರಿದಾಗ ಎಂಟು ವ್ಯಾಟಿನ 300ಬಿ ಯಂತ್ರಕ್ಕೆ ಸಾಧಾರಣ ಸ್ಪೀಕರ್ ಜೋಡಿಸಿದ್ದರೆ ಗೊತ್ತಾಗುತ್ತದೆ.

ಇನ್ನು ಡಿಜಿಟಲ್ ಕಡೆಯ ಅತಿರೇಕ. 60 ಘನ ಮೀಟರಿನ, ಮಿತವಾಗಿ ಮಾರ್ದನಿಸುವ ಹಾಲಿನಲ್ಲಿ ಕೋಣೆಯ ದರ್ಬಾರು ನಡೆಯುವುದು ಸುಮಾರು 200 ಹರ್ಟ್ಸ್‌ವರೆಗೆ. ಜರ್ಮನಿಯ ಮಾನ್‌ಫ್ರೆಡ್ ಶ್ರೋಡರ್ ಕೊಟ್ಟ ಸೂತ್ರದಿಂದ ಯಾರು ಬೇಕಾದರೂ ಈ ಲೆಕ್ಕ ಮಾಡಬಹುದು. ಅದರ ಮೇಲಿನ ಸ್ವರಗಳಲ್ಲಿ ಸ್ಪೀಕರಿನಿಂದ ನೇರ ಬಂದದ್ದನ್ನೂ ಗೋಡೆಗೆ ಬಡಿದು ಬಂದದ್ದನ್ನೂ ನಮ್ಮ ಕಿವಿ ಬೇರೆ ಮಾಡಿಕೊಳ್ಳುತ್ತದೆ. ಮೈಕಿಗೆ ಆ ವಿದ್ಯೆ ಗೊತ್ತಿಲ್ಲ, ಅದು ಎಲ್ಲವನ್ನೂ ಕೂಡಿಸಿ ಬರೆದುಕೊಳ್ಳುತ್ತದೆ. ಕೆನಡಾದ ಫ್ಲಾಯ್ಡ್ ಟೂಲ್ ದಶಕಗಳ ಕಾಲ ಕೇಳುಗರನ್ನು ಪರೀಕ್ಷಿಸಿ ಒತ್ತಿ ಹೇಳಿದ ಮಾತಿದು. ಗ್ರಾಫ್ ನೇರವಾಗಲೆಂದು ತಂಬೂರಿಯ ಜವಾರಿ ಇರುವ ಎತ್ತರವನ್ನೆಲ್ಲ ಒತ್ತಿ ಎಳೆದರೆ, ಒಳ್ಳೆಯ ಸ್ಪೀಕರಿನ ದನಿ ಒಣಗಿಹೋಗುತ್ತದೆ. ತಗ್ಗು ಸ್ವರಗಳಲ್ಲೂ ಗೋಡೆ ಉಬ್ಬಿಸಿದ್ದನ್ನು ತಗ್ಗಿಸಬಹುದು, ಅಳಿಸಿದ್ದನ್ನು ತುಂಬಲಾಗದು. ಮಾಯವಾದ ಸ್ವರವನ್ನು ಹತ್ತು ಡೆಸಿಬೆಲ್ ಏರಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಅಷ್ಟು ಸುರಿದರೂ ನಿಮ್ಮ ಕುರ್ಚಿಯಲ್ಲಿ ಅದು ರದ್ದಾಗುತ್ತಲೇ ಇರುತ್ತದೆ, ಪಕ್ಕದವರ ಕುರ್ಚಿಯಲ್ಲಿ ಮೊರೆಯುತ್ತದೆ. ಅಲ್ಲಿ ಮಾಡಬೇಕಾದ್ದು ಕುರ್ಚಿ ಸರಿಸುವುದೊಂದೇ.

ಎಲ್‌ಪಿಯನ್ನು ಡಿಜಿಟಲ್ ಮಾಡಿ ಕೇಳುವುದು ಅಪಚಾರ ಎಂಬ ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಇಂದಿನ ಪರಿವರ್ತಕಗಳ ಸದ್ದು ಎಲ್‌ಪಿಯ ಸ್ವಂತ ಸರಸರಕ್ಕಿಂತ ಎಷ್ಟೋ ಕೆಳಗಿದೆ. ಗಂಭೀರವಾದ ಆಕ್ಷೇಪ ಬಾಳಿಕೆಯದು. ಬ್ರಿಟನ್ನಿನಲ್ಲಿ 1953ರಲ್ಲಿ ಬಂದ ಕ್ವಾಡ್ ಟೂ ಆಂಪ್ಲಿಫೈಯರುಗಳು ಇಂದಿಗೂ ಹಾಡುತ್ತಿವೆ. ಕೆಪ್ಯಾಸಿಟರ್ ಬದಲಿಸಿ, ವಾಲ್ವ್ ಬದಲಿಸಿ, ಬೆಸುಗೆ ಹಾಕಬಲ್ಲವರು ಊರಿಗೊಬ್ಬರಿದ್ದರೆ ಸಾಕು. ಡಿಜಿಟಲ್ ಯಂತ್ರವಾದರೋ ಅರ್ಧ ಕಂಪ್ಯೂಟರ್. ಅದರ ಸಾಫ್ಟ್‌ವೇರಿಗೆ ಕಂಪನಿ ಕೈಬಿಟ್ಟ ದಿನ ಏನು ಗತಿ ಎಂದು ಕೇಳುವುದು ನ್ಯಾಯವೇ. ಹಾಗೆಂದು ವಾಲ್ವಿನ ಪೂರೈಕೆಯೂ ಭದ್ರವಲ್ಲ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲದಲ್ಲಿ ಇಎಲ್84, ಇಸಿಸಿ83 ವಾಲ್ವುಗಳನ್ನು ಬೆಂಗಳೂರಿನಲ್ಲೇ ಮಾಡುತ್ತಿತ್ತು. ಈಗ ಉಳಿದಿರುವ ತಯಾರಕರು ಮುಖ್ಯವಾಗಿ ರಷ್ಯಾ, ಚೀನಾ, ಸ್ಲೊವಾಕಿಯಾದವರು, 2022ರಲ್ಲಿ ರಷ್ಯಾದ ರಫ್ತು ನಿಂತಾಗ ಜಗತ್ತಿನಾದ್ಯಂತ ವಾಲ್ವಿಗೆ ಪರದಾಟವಾಯಿತು.

ನಿಮ್ಮ ಸ್ಪೀಕರ್ 95 ಡೆಸಿಬೆಲ್ ಮೀರಿದ ಸೂಕ್ಷ್ಮತೆಯದ್ದಾಗಿದ್ದು, ಕೇಳುವುದು ಹೆಚ್ಚಾಗಿ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಗ್ರಾಮಫೋನ್ ತಟ್ಟೆಗಳಂಥ ಮುದ್ರಣವಾಗಿದ್ದರೆ ವಾಲ್ವನ್ನೇ ಕೊಳ್ಳಿ. ಆ ತಟ್ಟೆಗಳಲ್ಲಿ ಗೋಡೆಯನ್ನು ಕೆಣಕುವಷ್ಟು ತಗ್ಗು ಸ್ವರವೇ ಇಲ್ಲ. ಎರಡೂ ಬೇಕೆನ್ನುವವರು ವಾಲ್ವಿನ ಮುಂದೆ ಬೇರೆಯದೇ ಒಂದು ತಿದ್ದುವ ಪೆಟ್ಟಿಗೆ ಇಟ್ಟುಕೊಳ್ಳಬಹುದು. ಉಳಿದ ಬಹುಮಂದಿಗೆ ನನ್ನ ಸಲಹೆ ಇದು: ಮೊದಲು ಸೋಫಾವನ್ನು ಗೋಡೆಯಿಂದ ಬಿಡಿಸಿ, ಸ್ಪೀಕರನ್ನು ಮೂಲೆಯಿಂದ ಹೊರತನ್ನಿ, ನೆಲಕ್ಕೆ ದಪ್ಪ ಜಮಖಾನೆ ಹಾಸಿ. ಆಮೇಲೆ ತಿದ್ದುವ ಆಂಪ್ಲಿಫೈಯರ್ ಕೊಂಡು, ಮೇಲ್ಮಿತಿ ಇಡಲು ಬರುವಂಥದ್ದಾದರೆ 300 ಹರ್ಟ್ಸಿಗೇ ಅದನ್ನು ನಿಲ್ಲಿಸಿ. ಅಂಗಡಿಯ ಕೋಣೆಯಲ್ಲಿ ಕೇಳಿ ದುಡ್ಡು ಕೊಡಬೇಡಿ. ಯಂತ್ರವನ್ನು ಮನೆಗೆ ಕಳಿಸಲು ಹೇಳಿ, ನಿಮಗೆ ಬಾಯಿಪಾಠವಾಗಿರುವ ಒಂದು ಕಛೇರಿಯನ್ನು ತಿದ್ದುಪಡಿ ಇಟ್ಟು ಒಮ್ಮೆ, ತೆಗೆದು ಒಮ್ಮೆ ಪೂರ್ತಿ ಕೇಳಿ.