ಮುಚ್ಚಿದ ಬಾಗಿಲಿನ ಹೊರಗೆ: ಅಂಜನೆಯಿಂದ ನಂಜಮ್ಮನವರೆಗೆ

ಪರಿತ್ಯಕ್ತೆಯಾದ ಹೆಣ್ಣಿನ ಕಥೆಯನ್ನೋದಿ ಕಣ್ಣೀರಿಡುವುದು ಸುಲಭ. ಅವಳನ್ನು ಹೊರಗಟ್ಟಿದ ಮನೆಯಲ್ಲಿ ಸ್ವಂತ ಮನೆಯ ಹೋಲಿಕೆಯನ್ನು ಕಾಣುವುದು ಕಷ್ಟ. ಗ್ರಾಮೀಣ ಸ್ತ್ರೀಯ ಸಂಕಟವನ್ನು ಚಿತ್ರಿಸುವ ಕಾದಂಬರಿಗಳ ಬೆಲೆ ನಿರ್ಧಾರವಾಗಬೇಕಾದುದು ಈ ಎರಡನೆಯ ಕಾರ್ಯದಿಂದ. ಇದಕ್ಕೆ ಬೇಕಾದ ಒರೆಗಲ್ಲು ಜೈನ ಕಥಾಪರಂಪರೆಯಲ್ಲಿಯೇ ಇದೆ.

ರವಿಷೇಣಾಚಾರ್ಯರು 7ನೆಯ ಶತಮಾನದ ‘ಪದ್ಮಪುರಾಣ’ದಲ್ಲಿ ಹೇಳಿದ ಅಂಜನೆಯ ಕಥೆಯನ್ನು ಶಿಶುಮಾಯಣನು 13ನೆಯ ಶತಮಾನದಲ್ಲಿ ‘ಅಂಜನಾಚರಿತೆ’ಯಾಗಿ ಕನ್ನಡಕ್ಕೆ ತಂದನು. ಪವನಂಜಯನು ಪತ್ನಿಯನ್ನು 22 ವರ್ಷ ದೂರವಿಟ್ಟನು. ಕೊನೆಗೆ ಗುಟ್ಟಾಗಿ ಬಂದ ಅವನಿಂದಲೇ ಅವಳು ಗರ್ಭಿಣಿಯಾದಾಗ ಅತ್ತೆ ಕೇತುಮತಿ ನಂಬದೆ ಹೊರಗಟ್ಟಿದಳು. ತವರಿನ ಬಾಗಿಲೂ ತೆರೆಯಲಿಲ್ಲ. ಅವಳ ಪೂರ್ವಜನ್ಮದ ಕರ್ಮವನ್ನು ತಿಳಿಸಿದವರು ಕಾಡಿನ ಗುಹೆಯಲ್ಲಿದ್ದ ಮುನಿಗಳು. ಆ ಮಾತು ನೊಂದವಳಿಗೆ ಸಮಾಧಾನವಾಗಿ ಬಂದಿತೇ ಹೊರತು ಬಾಗಿಲು ಮುಚ್ಚಿದ ಅತ್ತೆಗೆ ಸಮರ್ಥನೆಯಾಗಿ ಅಲ್ಲ. ‘ಅದು ಅವಳ ಕರ್ಮ’ ಎಂದು ಕೈತೊಳೆದುಕೊಳ್ಳುವವರು ಈ ವಿವೇಕವನ್ನು ಮರೆಯುತ್ತಾರೆ.

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಗುಬ್ಬಿಗೆ ದೂರವಲ್ಲದ ತಿಪಟೂರು ಸೀಮೆಯ ಕಥೆ. ನಂಜಮ್ಮನನ್ನು ಯಾರೂ ಕಾಡಿಗಟ್ಟುವುದಿಲ್ಲ. ಮನೆಯೊಳಗಿದ್ದೇ ಅವಳು ಪರಿತ್ಯಕ್ತೆ. ಶ್ಯಾನುಭೋಗನಾದ ಗಂಡ ಚೆನ್ನಿಗರಾಯನಿಗೆ ಬಾರದ ಲೆಕ್ಕವನ್ನು ಅವಳು ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುತ್ತಾಳೆ. ಪ್ಲೇಗು ಇಬ್ಬರು ಮಕ್ಕಳನ್ನೂ ಅನಂತರ ಅವಳನ್ನೂ ಕೊಂಡೊಯ್ಯುತ್ತದೆ. ಲೇಖಕರು ಎಲ್ಲಿಯೂ ಅವಳನ್ನು ದೇವತೆಯನ್ನಾಗಿ ಮಾಡದಿರುವುದು ಕೃತಿಯ ಹಿರಿಮೆ. ಆದರೆ ಅತ್ತೆ ಗಂಗಮ್ಮನ ಬೈಗುಳಕ್ಕೆ ದೊರೆತ ವಿಸ್ತಾರ ಅವಳ ವೈಧವ್ಯದ ಸಂಕಟಕ್ಕೆ ದೊರೆತಿಲ್ಲ. ಪೀಡಿಸುವವಳೂ ಹಿಂದೆ ಪೀಡಿತೆಯಾಗಿದ್ದಳೆಂಬುದನ್ನು ಓದುಗನೇ ಊಹಿಸಿಕೊಳ್ಳಬೇಕಾಗುತ್ತದೆ.

ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ಚೆನ್ನಿಗರಾಯನದು ಮೊದಲನೆಯದು, ನೋಡಿಯೂ ಸುಮ್ಮನಿದ್ದ ಊರಿನದು ಮೂರನೆಯದಕ್ಕೆ ತೀರ ಸಮೀಪದ್ದು. ಹಳ್ಳಿಯಲ್ಲಿ ಅವಳ ಕಷ್ಟಕ್ಕೆ ನಿಜವಾಗಿ ಒದಗುವವನು ಸಂಸಾರವಿಲ್ಲದ ಮಾದೇವಯ್ಯನವರಂಥ ವಿರಕ್ತ ಎಂಬುದೇ ಗೃಹಸ್ಥರು ತಲೆತಗ್ಗಿಸಬೇಕಾದ ಸಂಗತಿ.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಈ ಅನುಮೋದನೆಯನ್ನು ಮುರಿಯುತ್ತದೆ. ಬಾಲವಿಧವೆಯಾಗಿ ಬಾಳೆಲ್ಲ ಸವೆಸಿದ ಫಣಿಯಮ್ಮ, ತರುಣ ವಿಧವೆಯೊಬ್ಬಳು ಕೇಶಮುಂಡನಕ್ಕೆ ಒಪ್ಪದಿದ್ದಾಗ ಅವಳ ಪರವಾಗಿ ನಿಲ್ಲುತ್ತಾಳೆ. ತಾನುಂಡ ನೋವು ಇನ್ನೊಬ್ಬಳಿಗೆ ಬೇಡವೆಂಬ ಈ ನಿಲುವು ಅಹಿಂಸೆಯೇ ಆಗಿದೆ. ತಾಳ್ಮೆಯನ್ನಷ್ಟೇ ಕೊಂಡಾಡುವ ಕಥೆಗಳು ಈ ಎತ್ತರವನ್ನು ಮುಟ್ಟಲಾರವು.

ತುಮಕೂರು, ಗುಬ್ಬಿ, ಕುಣಿಗಲ್ಲಿನ ಶ್ರಾವಕರು ಮಂದರಗಿರಿಯ ಬಸದಿಗಳಲ್ಲಿಯೂ ನಿಟ್ಟೂರಿನ ಶಾಂತೀಶ್ವರನ ಸನ್ನಿಧಿಯಲ್ಲಿಯೂ ಕೈಮುಗಿದು ಮನೆಗೆ ಮರಳುತ್ತಾರೆ. ಗಂಡ ಬಿಟ್ಟ ಮಗಳು ತವರಿನ ಹೊಸ್ತಿಲಲ್ಲಿ ನಿಂತಾಗ ಆ ಮನೆ ಏನು ಮಾಡುತ್ತದೆ, ಅವಳ ಅನ್ನ-ವಸತಿಗಳ ಪ್ರಶ್ನೆ ಬಸದಿಯ ಆಡಳಿತದವರ ಮುಂದೆ ಎಂದಾದರೂ ಬರುತ್ತದೆಯೇ? ಅಂಜನೆಯ ಪುರಾಣವನ್ನು ಓದಿದ್ದರ ಫಲ ಈ ಪ್ರಶ್ನೆಗೆ ದೊರೆಯುವ ಉತ್ತರದಲ್ಲಿದೆ.