ಗಡಿಸೀಮೆಯ ಹಿತ್ತಾಳೆ ವಾದ್ಯಮೇಳ: ಒಂದು ವಿವೇಚನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ವಾದ್ಯಗಳ ಚರ್ಚೆ ಸಾಮಾನ್ಯವಾಗಿ ಕರಡಿಮಜಲು, ಡೊಳ್ಳು, ಸನಾದಿಗಳ ಬಳಿಯೇ ನಿಲ್ಲುತ್ತದೆ. ಮದುವೆ ಮೆರವಣಿಗೆಯ ಬ್ಯಾಂಡು ಪರಕೀಯವೆಂದು ಹೊರಗುಳಿಯುತ್ತದೆ. ಇದು ಒಪ್ಪತಕ್ಕ ನಿಲುವಲ್ಲ. ಕೊಂಬು, ಕಹಳೆಗಳಲ್ಲಿ ಸ್ವರವನ್ನು ನಿರ್ಣಯಿಸುವುದು ತುಟಿಯ ಬಿಗಿ. ಟ್ರಂಪೆಟ್ಟಿನ ಮೂರು ಗುಂಡಿಗಳು ಹನ್ನೆರಡೂ ಸ್ವರಸ್ಥಾನಗಳನ್ನು ಕೊಟ್ಟರೂ ಅವುಗಳ ನಡುವಣ ಜಾರನ್ನು ಕೊಡಲಾರವು. ಹಾಡಿನ ಮೀಂಡು ಬೇಕಾದಾಗ ವಾದಕನು ಗುಂಡಿಯನ್ನು ಅರೆ ಒತ್ತಿ, ಮತ್ತೆ ತುಟಿಯನ್ನೇ ನೆಚ್ಚಬೇಕು. ಹಳೆಯ ಕಹಳೆಯ ವಿದ್ಯೆ ಇಲ್ಲಿ ಮುಂದುವರಿದಿದೆಯೆಂದೇ ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಮಾಲ್ಕಮ್ ಅರ್ನಾಲ್ಡ್ 1961ರಲ್ಲಿ ಎರಡು ಟ್ರಂಪೆಟ್, ಹಾರ್ನ್, ಟ್ರಾಂಬೋನ್, ಟ್ಯೂಬಾಗಳಿಗೆ ರಚಿಸಿದ ಕೃತಿಯಲ್ಲಿ ಪ್ರತಿ ವಾದ್ಯದ ಪಾಲೂ ಲಿಖಿತ. ನಮ್ಮ ಬ್ಯಾಂಡಿನಲ್ಲಿ ಯಾರು ಎತ್ತಿಕೊಳ್ಳಬೇಕು, ಯಾರು ಆಧಾರ ಹಿಡಿಯಬೇಕು ಎಂಬುದು ರೂಢಿಯಲ್ಲಿದೆ, ಹಾಳೆಯಲ್ಲಿಲ್ಲ. ಡಿಜೆ ಪೆಟ್ಟಿಗೆಗಳೆದುರು ಮೇಳಗಳು ಹಿಂಜರಿದಂತೆ ಈ ರೂಢಿಯೂ ಅಳಿಯುತ್ತದೆ. ಮೆರವಣಿಗೆಯ ಒಟ್ಟು ಧ್ವನಿಮುದ್ರಣ ಇದಕ್ಕೆ ಸಾಲದು. ಒಬ್ಬೊಬ್ಬ ವಾದಕನನ್ನೂ ಪ್ರತ್ಯೇಕವಾಗಿ ಕೇಳಿ ಸ್ವರಲಿಪಿಗಿಳಿಸಬೇಕು.