ಶೇಕಡಾ 76 ಮತ್ತು ಕುಣಿತ ಭಜನೆ

ಬೆಳ್ತಂಗಡಿ ತಾಲೂಕಿನ ನಾರಾವಿ ಕಡೆ ಸಂಜೆ ಹೊತ್ತು ಹೋದರೆ ಭಜನಾ ಮಂದಿರಗಳಲ್ಲಿ ಕುಣಿತ ಭಜನೆಯ ಅಭ್ಯಾಸ ನೋಡಲು ಸಿಗುತ್ತದೆ. ನಡುವೆ ದೀಪ, ಸುತ್ತ ವೃತ್ತ, ಕೈಯಲ್ಲಿ ತಾಳ. ಒಬ್ಬರು ಹಾಡಿದ ಸಾಲನ್ನು ಉಳಿದವರು ಮತ್ತೆ ಹಾಡುತ್ತ ಮುಂದೆ, ಹಿಂದೆ, ಬಾಗಿ, ತಿರುಗಿ ಹೆಜ್ಜೆ ಹಾಕುತ್ತಾರೆ. ಮಕ್ಕಳೊಡನೆ ಅರುವತ್ತು ದಾಟಿದವರೂ ಇರುತ್ತಾರೆ. ಇಂಥ ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು, "ಕುಣಿದರೆ ಮರೆವಿನ ಕಾಯಿಲೆ ಶೇಕಡಾ 76ರಷ್ಟು ಕಡಿಮೆಯಾಗುತ್ತದೆ, ಅಮೆರಿಕದಲ್ಲಿ ಇದು ಸಿದ್ಧವಾಗಿದೆ" ಎಂದರು. ಜೋರು ಚಪ್ಪಾಳೆ. ಪಕ್ಕದಲ್ಲಿದ್ದ ನನ್ನ ದೊಡ್ಡಪ್ಪನ ಮಗಳು ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಅಣ್ಣಾ, ಅಪ್ಪನನ್ನು ನಾವು ಒತ್ತಾಯ ಮಾಡಿ ಭಜನೆಗೆ ಕಳಿಸಬೇಕಿತ್ತಾ?" ಎಂದು ಕೇಳಿದಳು. ದೊಡ್ಡಪ್ಪ ಭಜನೆ ಬಿಟ್ಟ ಎರಡು ವರ್ಷಕ್ಕೆ ಅವರಿಗೆ ಮಕ್ಕಳ ಹೆಸರೂ ಮರೆತುಹೋಗಿತ್ತು.

ಈ 76ರ ಮೂಲ 2003ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾದ ಪ್ರಬಂಧ. ಜೋ ವರ್ಗೀಸ್ ಮತ್ತು ಸಂಗಡಿಗರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ವರ್ಷ ಮೀರಿದ 469 ಮಂದಿಯ ಹವ್ಯಾಸಗಳನ್ನು ದಾಖಲಿಸಿ, ಸುಮಾರು ಐದು ವರ್ಷಗಳ ಅನುಸರಣೆಯಲ್ಲಿ 124 ಜನರಿಗೆ ಡಿಮೆನ್ಷಿಯಾ ಬಂದುದನ್ನು ಗುರುತಿಸಿದರು. ದೈಹಿಕ ಚಟುವಟಿಕೆಗಳ ಪೈಕಿ ನೃತ್ಯ ಒಂದಕ್ಕೇ ಕಡಿಮೆ ಅಪಾಯದೊಡನೆ ಸಂಬಂಧ ಕಂಡಿತು. ಅಪಾಯದ ಅನುಪಾತ 0.24. ಒಂದರಿಂದ ಇದನ್ನು ಕಳೆದರೆ ಬರುವುದೇ ಆ 76.

ಆದರೆ ಅದೇ ಕೋಷ್ಟಕದಲ್ಲಿ ಇನ್ನೆರಡು ಅಂಕಿಗಳಿವೆ: 0.06 ಮತ್ತು 0.99. ಶೇಕಡಾ 95 ವಿಶ್ವಾಸದ ವ್ಯಾಪ್ತಿ ಅದು. ಅಂದರೆ ಇಳಿಕೆ ಶೇಕಡಾ 94 ಇರಬಹುದು, ಶೇಕಡಾ 1 ಕೂಡ ಇರಬಹುದು. ಸರಳ ಲೋಲಕದಿಂದ g ಅಳೆದ ವಿದ್ಯಾರ್ಥಿ "ಉತ್ತರ 2.4 ಸಾರ್, ಆದರೆ 0.6ರಿಂದ 9.9ರ ತನಕ ಎಲ್ಲಿಯೂ ಇರಬಹುದು" ಎಂದು ಬರೆದು ತಂದರೆ ನಾವು ಏನು ಮಾಡುತ್ತೇವೆ? ಅವನ ಉತ್ತರ ಸುಳ್ಳಲ್ಲ, 9.8 ಅದರೊಳಗೇ ಇದೆ. ಆದರೆ 2.4 ಎಂಬುದನ್ನು ಗೋಡೆಗೆ ಬರೆಸುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಕಾರಣ ಮತ್ತು ಪರಿಣಾಮದ್ದು. ಬ್ರಾಂಕ್ಸ್‌ನಲ್ಲಿ ನಡೆದದ್ದು ಪ್ರಯೋಗವಲ್ಲ, ವೀಕ್ಷಣೆ. ಚೀಟಿ ಎತ್ತಿ ಯಾರನ್ನೂ ಕುಣಿಯಲು ಕಳಿಸಿರಲಿಲ್ಲ. ಡಿಮೆನ್ಷಿಯಾ ವೈದ್ಯರ ಕಣ್ಣಿಗೆ ಬೀಳುವ ಎಷ್ಟೋ ವರ್ಷ ಮೊದಲೇ ಮೆದುಳಿನಲ್ಲಿ ಶುರುವಾಗಿರುತ್ತದೆ. ನೆನಪಿಟ್ಟ ಹೆಜ್ಜೆ ತಪ್ಪತೊಡಗಿದವರು ನಾಚಿಕೊಂಡು ವೃತ್ತದಿಂದ ಹೊರಗೆ ಬರುತ್ತಾರೆ. ದೊಡ್ಡಪ್ಪ ಆಗ ಹೇಳಿದ್ದು ಮೊಣಕಾಲು ನೋವು ಎಂದು. ಈಗ ಯೋಚಿಸಿದರೆ, ಎಡಕ್ಕೆ ತಿರುಗುವಲ್ಲಿ ಬಲಕ್ಕೆ ತಿರುಗಿ ಹುಡುಗರಿಗೆ ಢಿಕ್ಕಿ ಹೊಡೆಯುತ್ತಿದ್ದರು. ಕುಣಿತ ಬಿಟ್ಟದ್ದರಿಂದ ಮರೆವು ಬಂತೋ, ಮರೆವು ಬಂದದ್ದರಿಂದ ಕುಣಿತ ಬಿಟ್ಟುಹೋಯಿತೋ? ಲೇಖಕರು ಈ ಸಂದೇಹವನ್ನು ಮರೆಮಾಚಿಲ್ಲ. ಆರಂಭದ ಸ್ಮರಣಶಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡು, ನಿಯಂತ್ರಿತ ಪ್ರಯೋಗ ಬೇಕೆಂದೂ ಬರೆದಿದ್ದಾರೆ. ಭಾಷಣಗಳಲ್ಲಿ ಆ ವಾಕ್ಯ ಬರುವುದಿಲ್ಲ.

ಇನ್ನೂ ಒಂದು ವಿಷಯ. ಅದೇ ವರ್ಗೀಸ್ 2006ರಲ್ಲಿ 24 ಹಿರಿಯ ನರ್ತಕರನ್ನು, ವಯಸ್ಸು ಮತ್ತು ವಿದ್ಯಾಭ್ಯಾಸದಲ್ಲಿ ಸರಿಹೊಂದುವ 84 ಮಂದಿ ಕುಣಿಯದವರೊಡನೆ ಹೋಲಿಸಿದರು. ನರ್ತಕರ ಸಮತೋಲನ ಮತ್ತು ನಡಿಗೆ ಉತ್ತಮವಾಗಿದ್ದವು, ಬುದ್ಧಿ-ನೆನಪಿನ ಪರೀಕ್ಷೆಗಳಲ್ಲಿ ವ್ಯತ್ಯಾಸವಿರಲಿಲ್ಲ. ಈ ಪ್ರಬಂಧವನ್ನು ಯಾರೂ ಉದ್ಧರಿಸುವುದು ಕಾಣೆ!

ಪ್ರಯೋಗಗಳು ಆಮೇಲೆ ನಡೆದವು. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ 63ರಿಂದ 80 ವರ್ಷದವರ ಒಂದು ಗುಂಪಿಗೆ ಸದಾ ಹೊಸ ಹೊಸ ನೃತ್ಯ, ಇನ್ನೊಂದು ಗುಂಪಿಗೆ ಮಾಮೂಲು ವ್ಯಾಯಾಮ. ಹದಿನೆಂಟು ತಿಂಗಳ ನಂತರ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದ ಗಾತ್ರ ಎರಡೂ ಗುಂಪುಗಳಲ್ಲಿ ಹೆಚ್ಚಿತ್ತು. ಸಮತೋಲನ ಸುಧಾರಿಸಿದ್ದು ನರ್ತಕರಲ್ಲಿ ಮಾತ್ರ. 2017ರ ಈ ವರದಿಯ ಕೊನೆಗೆ ಉಳಿದವರು 14 ಮತ್ತು 12 ಮಂದಿ. ಅದೇ ತಂಡದ 2018ರ ವರದಿಯಲ್ಲಿ ಗಮನ ಮತ್ತು ಸ್ಥಳದ ನೆನಪು ಎರಡೂ ಗುಂಪುಗಳಲ್ಲಿ ಸುಧಾರಿಸಿತ್ತು, ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಅಂದರೆ ನೆನಪಿನ ಮಟ್ಟಿಗೆ, ಮೈ ಚಟುವಟಿಕೆಯಿಂದ ಇರುವುದು ಮುಖ್ಯವಾಗಿರಬಹುದು. ಅದಕ್ಕೆ ಕುಣಿತವೇ ಬೇಕೆಂದು ತೋರಿಸಿದಂತಾಗಲಿಲ್ಲ.

ಮನಸ್ಸಿನ ಉಲ್ಲಾಸದ ಮಾತು ಬೇರೆ. 2015ರಲ್ಲಿ ಬ್ರೊನ್‌ವಿನ್ ಟಾರ್ ಮತ್ತು ಸಂಗಡಿಗರು ಬ್ರೆಜಿಲ್‌ನ ಪ್ರೌಢಶಾಲಾ ವಿದ್ಯಾರ್ಥಿಗಳಿಂದ ಗುಂಪಾಗಿ ನೃತ್ಯ ಮಾಡಿಸಿದರು. ಒಂದೇ ತಾಳಕ್ಕೆ ಒಂದೇ ಹೆಜ್ಜೆ ಹಾಕಿದವರಲ್ಲಿ ನೋವು ತಡೆಯುವ ಶಕ್ತಿಯೂ ಪರಸ್ಪರ ಆತ್ಮೀಯತೆಯೂ ಹೆಚ್ಚಿದ್ದವು. ಇದು ಎಳೆಯರ ಮೇಲಿನ ಪ್ರಯೋಗ, ಅಜ್ಜ-ಅಜ್ಜಿಯರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಸಂಜೆ ಭಜನೆಯಿಂದ ಮನೆಗೆ ಬರುವ ಹಿರಿಯರ ಮುಖ ನೋಡಿದ ಯಾರೂ ಇದನ್ನು ಪೂರ್ತಿ ತಳ್ಳಿಹಾಕಲಾರರು. ಬೀಳದೆ ನಡೆಯುವುದು, ನಾಲ್ಕು ಜನರ ಜೊತೆ ಸೇರುವುದು ಇವೆರಡೇ ಸಾಲದೆ, ಕುಣಿಯಲು ಕಾರಣವಾಗಿ? ಶೇಕಡಾ 76 ಯಾಕೆ ಬೇಕು?

ತಂಗಿಗೆ ಅಂದು ಕೊಟ್ಟ ಉತ್ತರ ಇಷ್ಟೆ: ನಿಮ್ಮ ತಪ್ಪೆಂದು ಹೇಳಲು ಆ ಪ್ರಬಂಧದಲ್ಲಿ ಆಧಾರವಿಲ್ಲ. ಮಂಡಳಿಯವರಲ್ಲಿ ಬೇರೆ ಎರಡು ಕೋರಿಕೆ ಇಟ್ಟೆ. ಹೆಜ್ಜೆ ತಪ್ಪುವ ಹಿರಿಯರಿಗೆ ವೃತ್ತದ ಪಕ್ಕದಲ್ಲೇ ಕುರ್ಚಿ ಹಾಕಿ ಕೈಗೆ ತಾಳ ಕೊಡಿ. ಮತ್ತು ಒಂದು ಹಾಜರಿ ಪುಸ್ತಕ ಇಡಿ, ಯಾರು ಬಂದರೆಂದು ಮಾತ್ರವಲ್ಲ, ಯಾರು ಯಾವಾಗ ಬರುವುದು ನಿಲ್ಲಿಸಿದರು, ಏನು ಕಾರಣ ಹೇಳಿದರು ಎಂದೂ ಅದರಲ್ಲಿ ಬರೆಯಿರಿ. ಕುರ್ಚಿ ಮರುವಾರವೇ ಬಂತು. ಪುಸ್ತಕ ಇಡುವ ಕೆಲಸವನ್ನು ಈಗ ಪಿಯುಸಿಯ ಇಬ್ಬರು ವಿದ್ಯಾರ್ಥಿನಿಯರು ವಹಿಸಿಕೊಂಡಿದ್ದಾರೆ.